ಅವನು ಹಾಕದ ಮತ

“ಈ ಪುಟದಲ್ಲಿ ಸರಿಯಾದ ಉತ್ತರ ಒಂದೇ ಒಂದಿದೆ. ಅದು ಎಲ್ಲಿದೆ ಅಂತ ಯಾರಾದ್ರೂ ಹೇಳ್ತೀರಾ?”

ಅಂದೇ ಕೆಲಸಕ್ಕೆ ಸೇರಿದವನು ಸಭೆಯಲ್ಲಿ ಆಡಿದ ಮೊದಲ ಮಾತು ಅದು.

ಗೋಡೆಯ ಮೇಲೆ ಆ ಕಚೇರಿ ನಡೆಸುವ ಅಂತರ್ಜಾಲ ವೇದಿಕೆಯ ಪುಟವೊಂದು ಬೆಳಗುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಅಲ್ಲಿ ಪ್ರಶ್ನೆ ಕೇಳುತ್ತಾರೆ. ಅನುಭವ ಇದ್ದವರು ಉತ್ತರ ಬರೆಯುತ್ತಾರೆ. ಓದಿದವರು ಮೆಚ್ಚಿದ ಉತ್ತರದ ಪಕ್ಕದ ಗುಂಡಿ ಒತ್ತಿದರೆ ಅದಕ್ಕೊಂದು ಮತ. ಹೆಚ್ಚು ಮತ ಬಿದ್ದದ್ದು ಮೇಲೆ, ಉಳಿದದ್ದು ಕೆಳಗೆ.

ಅವನು ಪುಟವನ್ನು ಕೆಳಕ್ಕೆ ಸರಿಸಿದ. ಇನ್ನೂ ಕೆಳಕ್ಕೆ... ಇನ್ನೂ ಕೆಳಕ್ಕೆ...

ಕಿಟಕಿಯ ಪಕ್ಕ ಕುಳಿತಿದ್ದವಳು ಗೋಡೆಯಿಂದ ಕಣ್ಣು ತಪ್ಪಿಸಿದಳು. ಆ ಪುಟದ ತಳದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು.

“ಇಲ್ಲಿದೆ,” ಎಂದ ಅವನು. “ಬೆನ್ನ ಮೇಲೆ ಚರ್ಮ ಕೆಂಪಾದ್ರೆ ಉಜ್ಜಬೇಡಿ, ಮಗ್ಗುಲು ಬದಲಿಸ್ತಾ ಇರಿ ಅಂತ ಹೇಳಿರೋದು ಇದೊಂದೇ. ಎಲ್ಲಕ್ಕಿಂತ ಮೇಲಿರೋದು ಏನು ಹೇಳತ್ತೆ ನೋಡಿ. ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ ಅಂತೆ. ತಿಕ್ಕಿದ್ರೆ ಹುಣ್ಣು ಬೇಗ ಆಗತ್ತೆ. ಆದ್ರೂ ಜನ ಮತ ಸುರಿದಿರೋದು ಅದಕ್ಕೇ.”

ಎಲ್ಲರ ಕಣ್ಣೂ ಕಿಟಕಿಯತ್ತ ತಿರುಗಿದವು. ವೇದಿಕೆಯಲ್ಲಿ ಅವಳ ಹೆಸರು ‘ನಿಧಾನಿ’. ಒಂದು ಉತ್ತರ ಬರೆಯುವ ಮೊದಲು ಅಳೆದು ಸುರಿದು, ಬರೆದದ್ದನ್ನು ಅಳಿಸಿ, ಮತ್ತೆ ಬರೆಯುವವಳು. ಕಚೇರಿಯಲ್ಲೂ ಆ ಹೆಸರೇ ಅಂಟಿಕೊಂಡುಬಿಟ್ಟಿತ್ತು.

“ಅದು ನಂದು,” ಎಂದಳು ಮೆಲ್ಲಗೆ. “ಆದ್ರೆ ತಪ್ಪು ಬೇರೆಯವರದಲ್ಲ. ನಾನು ತಡ ಮಾಡ್ತೀನಿ. ಅಷ್ಟೊತ್ತಿಗೆ ಜನ ಓದಿ ಎದ್ದು ಹೋಗಿರ್ತಾರೆ.”

“ತಡ ಮಾಡೋದು ತಪ್ಪಲ್ಲ. ತಡವಾಗಿ ಬಂದವರನ್ನ ತಳಕ್ಕೆ ತಳ್ಳೋದು ತಪ್ಪು. ಅದು ನಿಮ್ಮದಲ್ಲ, ಈ ಪುಟ ಕಟ್ಟಿದವರದು.”

“ಕಟ್ಟಿದವಳು ನಾನೇ ಕಣಪ್ಪ,” ಎಂದರು ಮುಖ್ಯಸ್ಥೆ.

ಕೋಣೆಯೆಲ್ಲ ನಕ್ಕಿತು. ಅವನ ಕಿವಿಯ ತುದಿಯವರೆಗೂ ಕೆಂಪೇರಿತು. ಆದರೆ ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ನಿಧಾನಿ ಗಮನಿಸಿದಳು.

ಅಂದಿನಿಂದ ಅವನ ಹೆಸರು ‘ತಕ್ಕಡಿ’.

ತಕ್ಕಡಿಯನ್ನು ಕರೆಸಿದ್ದೇ ಉತ್ತರಗಳನ್ನು ತೂಗುವ ಹೊಸ ಪದ್ಧತಿ ಮಾಡಲಿಕ್ಕೆ. ಅವನ ಜೊತೆ ಕುಳಿತು ಹಳೆಯ ಪ್ರಶ್ನೋತ್ತರಗಳನ್ನು ತೋರಿಸುವ ಕೆಲಸ ನಿಧಾನಿಯ ಪಾಲಿಗೆ ಬಂತು. ವೇದಿಕೆಯ ಎಲ್ಲ ಉತ್ತರಗಳ ಹೊಣೆ ಹೊರುವ ಒಂದು ಹುದ್ದೆ ತೆರವಾಗಿತ್ತು. ಅದು ಅವಳಿಗೇ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತಿತ್ತು. ತನಗೆ ಆ ಯೋಗ್ಯತೆ ಇದೆಯೇ ಎಂದು ಅನುಮಾನ ಪಡುತ್ತಿದ್ದವಳು ಅವಳೊಬ್ಬಳೇ.

“ಮೊದಲು ಬಂದ ಉತ್ತರಕ್ಕೆ ಮೊದಲು ಮತ ಬೀಳತ್ತೆ,” ಎಂದು ಅವನು ಬಿಳಿ ಹಲಗೆಯ ಮೇಲೆ ಗೀಚುತ್ತಿದ್ದ. “ಮತ ಬಿದ್ದಿದ್ದಕ್ಕೆ ಅದು ಮೇಲೆ ಹೋಗತ್ತೆ. ಮೇಲಿದೆ ಅಂತ ಇನ್ನಷ್ಟು ಮತ. ಓದಿದವರು ಎಷ್ಟು ಜನ, ಗುಂಪು ನೋಡಿ ಒತ್ತಿದವರು ಎಷ್ಟು ಜನ ಅಂತ ಹೇಗೆ ಹೇಳೋದು?”

“ಜನ ಮರುಳೋ ಜಾತ್ರೆ ಮರುಳೋ ಅಂದ ಹಾಗೆ.”

“ಅದನ್ನೇ ನಾನು ಅರ್ಧ ಹಲಗೆ ತುಂಬ ಬರೆದೆ,” ಎಂದು ಅವನು ಗೀಚಿದ್ದನ್ನೆಲ್ಲ ಒರೆಸಿದ.

ಹೊಸ ಉತ್ತರಗಳನ್ನು ಸ್ವಲ್ಪ ಕಾಲ ಒಬ್ಬೊಬ್ಬ ಓದುಗರಿಗೆ ಒಂದೊಂದು ಜಾಗದಲ್ಲಿ ತೋರಿಸೋಣ ಎಂದ ಅವನು. ಆಗ ತಡವಾಗಿ ಬಂದದ್ದಕ್ಕೂ ಒಂದು ಅವಕಾಶ. ಮತ ಹಾಕುವವರೆಗೆ ಬರೆದವರ ಹೆಸರು ಕಾಣದಿರಲಿ ಎಂದ. ‘ಇಷ್ಟವಾಯಿತು’ ಎನ್ನುವುದರ ಬದಲು ‘ಮಾಡಿ ನೋಡಿದೆ, ಉಪಯೋಗವಾಯಿತು’ ಎಂಬ ಗುಂಡಿ ಇರಲಿ ಎಂದಾಗ ಮಾತ್ರ ನಿಧಾನಿ ಬೇಡವೆಂದು ತಲೆಯಾಡಿಸಿದಳು.

“ಕೆಲವರು ಏನೂ ಉಪಾಯ ಹೇಳಲ್ಲ. ನಾನೂ ನಿಮ್ಮ ಹಾಗೇ ಒಂದಿನ ಬಚ್ಚಲುಮನೇಲಿ ಕೂತು ಅತ್ತೆ ಅಂತ ಬರೀತಾರೆ, ಅಷ್ಟೇ. ಅದಕ್ಕೆ ಬೀಳೋ ಮತ ಸುಳ್ಳಾ?”

ಮರುದಿನ ಹಲಗೆಯ ಮೇಲೆ ಎರಡು ಗುಂಡಿಗಳ ಚಿತ್ರವಿತ್ತು. ಒಂದು, ಉಪಯೋಗವಾಯಿತು. ಇನ್ನೊಂದು, ಸಮಾಧಾನವಾಯಿತು.

“ಇದು ನಿಮ್ಮದು. ಸಭೆಯಲ್ಲೂ ನಿಮ್ಮದು ಅಂತಾನೇ ಹೇಳ್ತೀನಿ,” ಎಂದ.

ಅಷ್ಟು ಸಾಕಾಗಿತ್ತು. ಅವಳ ಮನಸ್ಸು ಹಿಡಿತ ತಪ್ಪಲು ಅದಕ್ಕಿಂತ ದೊಡ್ಡದೇನೂ ಬೇಕಿರಲಿಲ್ಲ.

ಅವಳಿಗೊಂದು ಗುಟ್ಟಿತ್ತು. ವೇದಿಕೆಯಲ್ಲಿ ‘ಮುಂಬಾಗಿಲು’ ಎಂಬ ಹೆಸರಿನ ಓದುಗರೊಬ್ಬರಿದ್ದರು. ಅವಳು ಬರೆದ ಪ್ರತಿ ಉತ್ತರಕ್ಕೂ ಬೆಳಗಾಗುವುದರೊಳಗೆ ಅವರ ಮತ ಬಿದ್ದಿರುತ್ತಿತ್ತು. ಬರೆದದ್ದನ್ನು ಅಳಿಸಿಬಿಡೋಣ ಎನಿಸಿದ ದಿನಗಳಲ್ಲೂ ಆ ಒಂದು ಮತ ಅವಳ ಕೈ ಹಿಡಿದಿತ್ತು. ಯಾರಿರಬಹುದು ಇವರು...

ಮೊದಲ ದಿನವೇ ಅಷ್ಟು ಕೆಳಗಿದ್ದ ನನ್ನ ಉತ್ತರ ಇವನಿಗೆ ಹೇಗೆ ಸಿಕ್ಕಿತು? ಸೇರುವ ಮೊದಲೇ ಓದುತ್ತಿದ್ದನೇ? ಇವನೇ ಇರಬಹುದೇ...

ಛೆ, ಹುಚ್ಚು ಕಲ್ಪನೆ ಎಂದು ತನ್ನನ್ನೇ ಗದರಿಕೊಂಡಳು. ಮರುದಿನ ಬೆಳಗ್ಗೆ ಆ ಮತ ಕಂಡಾಗ ಮಾತ್ರ ನಗು ತಡೆಯಲಾಗಲಿಲ್ಲ.

ಪದ್ಧತಿ ಸರಿಯಾಗಿ ತೂಗುತ್ತದೆಯೇ ಎಂದು ನೋಡಲು ಒಂದು ಅಳತೆಗೋಲು ಬೇಕಿತ್ತು. ಅದಕ್ಕಾಗಿ ಮುಖ್ಯಸ್ಥೆ ಒಂದಷ್ಟು ಉತ್ತರಗಳನ್ನು ಆರಿಸಿ, ಹೆಸರು ಮುಚ್ಚಿ, ಮೂವರಿಗೆ ಕೊಟ್ಟರು: ತಕ್ಕಡಿಗೆ, ಸಲಹೆಗಾರರಾಗಿದ್ದ ನಿವೃತ್ತ ದಾದಿಗೆ, ಕಚೇರಿಯ ಲೆಕ್ಕಿಗನಿಗೆ. ಪ್ರತಿಯೊಂದಕ್ಕೂ ಅಂಕ ಹಾಕಬೇಕು. ದಾದಿಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು.

ಅಂಕಗಳು ಬಂದ ಮಧ್ಯಾಹ್ನ ಲೆಕ್ಕಿಗನೇ ಅವಳ ಮೇಜಿನ ಬಳಿ ಬಂದ.

“ನಿಮಗೂ ತಕ್ಕಡಿಗೂ ಏನಾದ್ರೂ ಜಗಳವೇನ್ರಿ?”

“ಇಲ್ವಲ್ಲ. ಯಾಕೆ?”

“ಎಲ್ಲರ ಉತ್ತರಕ್ಕೂ ಅಂಕ ಹಾಕಿದ್ದಾನೆ. ಹೆಸರು ತೆರೆದು ನೋಡಿದ್ರೆ ನಿಮ್ಮದಷ್ಟನ್ನೂ ಖಾಲಿ ಬಿಟ್ಟಿದ್ದಾನೆ. ಮೇಡಂ ಕೇಳಿದ್ದಕ್ಕೆ, ಅವನ್ನ ಸಿಸ್ಟರ್ ನೋಡಲಿ, ನಾನು ನೋಡಲ್ಲ ಅಂದನಂತೆ. ಕೆಟ್ಟದಾಗಿದ್ರೆ ಸೊನ್ನೆ ಹಾಕ್ಲಿ. ಸೊನ್ನೆಗೂ ಲಾಯಕ್ಕಿಲ್ಲ ಅಂದ್ರೆ ಹೇಗೆ?”

ಲೆಕ್ಕಿಗನಿಗೆ ಅದು ತಮಾಷೆ. ಅವಳಿಗಲ್ಲ.

ಜೊತೆಗೆ ಕೂತು ನಗ್ತಾನೆ. ನಿಮ್ಮದು ಅಂತ ಸಭೆಯಲ್ಲಿ ಹೇಳ್ತೀನಿ ಅಂತಾನೆ. ಒಳಗೊಳಗೆ ಇಷ್ಟೇನಾ ನನ್ನ ಬೆಲೆ...

ಅವಳು ಕೇಳಲಿಲ್ಲ. ಕೇಳುವ ಸ್ವಭಾವ ಅವಳದಲ್ಲ. ಹಲಗೆಯ ಕೋಣೆಗೆ ಹೋಗುವುದನ್ನು ಕಡಿಮೆ ಮಾಡಿದಳು. ಅವನು “ಹುಷಾರಿಲ್ವಾ?” ಎಂದರೆ “ಕೆಲಸ ಇದೆ” ಎನ್ನುವಳು.

ಅದೇ ವಾರ ಮುಖ್ಯಸ್ಥೆ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಕೂತ್ಕೋ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಹೆಸರಲ್ಲದೆ ಇಲ್ಲಿ ನಿನಗೆ ಇನ್ನೊಂದು ಖಾತೆ ಇದೆಯಾ?”

“ಇಲ್ಲ ಮೇಡಂ.”

“ಹೊಸ ಪದ್ಧತಿಯನ್ನ ಪರೀಕ್ಷೆಗೆ ಓಡಿಸಿದ್ವಿ. ಅದು ಒಂದೇ ಮನೆಯಿಂದ ಬರೋ ಮತಗಳನ್ನ ಬೇರೆ ಮಾಡತ್ತೆ. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳೋರು ಇರ್ತಾರಲ್ಲ, ಅದಕ್ಕೆ. ನಿಮ್ಮನೆ ಇಂಟರ್ನೆಟ್‌ನಿಂದ ‘ಮುಂಬಾಗಿಲು’ ಅಂತ ಒಂದು ಖಾತೆ ಬರ್ತಿದೆ. ನೀನು ಬರೆದ ಎಲ್ಲದಕ್ಕೂ ಮತ. ಬೇರೆ ಯಾರಿಗೂ ಒಂದೂ ಇಲ್ಲ.”

ನಮ್ಮ ಮನೆಯಿಂದ... ನಮ್ಮ ಮನೆಯಲ್ಲಿ ಇರುವುದೇ ಇಬ್ಬರು.

“ನಾನು ನಾಳೆ ಹೇಳ್ತೀನಿ ಮೇಡಂ,” ಎಂದಷ್ಟೇ ಹೇಳಿ ಎದ್ದಳು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತಾಗ ಖಾಲಿ ಬಿಟ್ಟ ಅಂಕಗಳೂ ಈ ಮಾತೂ ಕೂಡಿಕೊಂಡವು. ಪದ್ಧತಿ ಅವನದು. ಹಿಡಿದವನು ಅವನೇ. ನಾನು ಕಳ್ಳಿ ಎಂದು ಅವನಿಗೆ ಮೊದಲೇ ಗೊತ್ತಾಗಿತ್ತು. ಅದಕ್ಕೇ ಅಂಕ ಹಾಕಲಿಲ್ಲ. ಎಲ್ಲ ತಾಳೆಯಾಯಿತು. ತಾಳೆಯಾದದ್ದೇ ಹೆಚ್ಚು ನೋಯಿಸಿತು.

ಅಮ್ಮ ನಡುಮನೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದರು.

“ಅಮ್ಮ, ಮುಂಬಾಗಿಲು ಅಂದ್ರೆ ಯಾರು?”

“ನಾನೇ,” ಎಂದರು ಅಮ್ಮ, ದಿಂಬಿನ ಚೀಲದಿಂದ ಕಣ್ಣೆತ್ತದೆ. “ಹಳೇ ಫೋನು ನನಗೆ ಕೊಟ್ಟೆಯಲ್ಲ, ಅದ್ರಲ್ಲಿ ನಿನ್ನ ಕಚೇರಿದು ತೆಗೆದೆ. ಹೆಸರು ಹಾಕು ಹೆಸರು ಹಾಕು ಅಂತ ಪ್ರಾಣ ತಿಂತು. ಆವಾಗ ಬಾಗಿಲ ಹತ್ರ ಕೂತಿದ್ದೆ, ಅದನ್ನೇ ಹಾಕಿದೆ.”

“ನನ್ನ ಎಲ್ಲ ಉತ್ತರಕ್ಕೂ ಒತ್ತಿದ್ದೀಯಲ್ಲ... ಓದಿ ಒತ್ತಿದೆಯಾ?”

“ಇಲ್ಲಪ್ಪ. ಓದಲ್ಲ.”

ಅವಳು ಅಲ್ಲೇ ಬಟ್ಟೆಗಳ ಪಕ್ಕ ಕುಸಿದು ಕುಳಿತಳು. ಇಷ್ಟು ದಿನ ತನ್ನನ್ನು ಎತ್ತಿ ನಿಲ್ಲಿಸಿದ ಆ ಒಬ್ಬ ಓದುಗ... ಓದಿಯೇ ಇರಲಿಲ್ಲ.

“ನಾನೇ ಎರಡು ಹೆಸರಲ್ಲಿ ಮತ ಹಾಕಿಕೊಂಡೆ ಅಂದುಕೊಂಡಿದ್ದಾರೆ ಅಮ್ಮ. ನನ್ನ ಕೆಲಸಕ್ಕೇ ಬಂದಿದೆ.”

“ಯಾವನವನು ಹಾಗಂದೋನು? ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ವಾ?”

“ಹೆಗ್ಗಣ ನಾನಾ?”

“ಮತ್ತೆ? ಬೆಳಗ್ಗೆ ಏಳೋಕೆ ಹಂಗೇ ಆಡ್ತೀಯ.”

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಅಮ್ಮ ನಗಲಿಲ್ಲ. ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದರು.

“ಓದೋಕೆ ಹೋದ್ರೆ ನಿಮ್ಮಪ್ಪನ ಬೆನ್ನು ಕಣ್ಣ ಮುಂದೆ ಬರತ್ತೆ ಕಣೇ. ಕೆಂಪಾಯ್ತು ಅಂದ ತಕ್ಷಣ ಎಲ್ಲರೂ ಉಜ್ಜು ಅಂದ್ರು. ಉಜ್ಜಿದ್ದು ಈ ಕೈ. ಬೇಡ ಅಂತ ಹೇಳೋರು ಒಬ್ಬರೂ ಸಿಗಲಿಲ್ಲ. ನೀನೀಗ ಹೇಳ್ತಿದ್ದೀಯ. ನನ್ನಂಥ ಇನ್ನೊಬ್ಬಳ ಕಣ್ಣಿಗೆ ಅದು ಬೀಳಲಿ ಅಂತ ಒತ್ತುತೀನಿ. ಓದೋಕೆ ಮಾತ್ರ ಆಗಲ್ಲ.”

ನಿಧಾನಿ ಅಮ್ಮನ ಕೈ ಹಿಡಿದುಕೊಂಡಳು. ದಿಂಬಿನ ಚೀಲ ಇಬ್ಬರ ಮಡಿಲ ನಡುವೆ ಹಾಗೇ ಉಳಿಯಿತು.

ಮರುದಿನ ಬೆಳಗ್ಗೆ ಮುಖ್ಯಸ್ಥೆಯ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು.

“ನಿಮ್ಮಮ್ಮನಾ?” ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡು, ನನಗದು ಹೊಳೀಲೇ ಇಲ್ಲ.”

“ಅಮ್ಮನ ಮತಗಳನ್ನೆಲ್ಲ ತೆಗೆದುಬಿಡಿ ಮೇಡಂ. ಓದದೆ ಹಾಕಿದ್ದು.”

“ತೆಗೆದ್ರೆ ಕೆಲವು ಉತ್ತರ ಕೆಳಗಿಳಿಯತ್ತೆ.”

“ಇಳೀಲಿ.”

“ಸರಿ. ನೀನು ಸುಳ್ಳು ಹೇಳೋಳಲ್ಲ ಅಂತ ನನಗೆ ಗೊತ್ತು. ಆದ್ರೆ ಆ ಹುದ್ದೆ ನಿನಗೇ ಅಂತ ಇವತ್ತು ಹೇಳೋಕಾಗಲ್ಲ. ಹೊಸ ಪದ್ಧತಿ ಬರಲಿ. ಅದ್ರಲ್ಲಿ ನಿನ್ನ ಉತ್ತರಗಳು ಹೇಗೆ ನಿಲ್ಲತ್ತೆ ನೋಡಿ ಹೇಳ್ತೀನಿ. ಒಪ್ಪಿಗೆನಾ?”

“ಒಪ್ಪಿಗೆ.” ಒಂದು ಕ್ಷಣ ತಡೆದು ಕೇಳಿದಳು. “ಅವರು... ನನ್ನನ್ನ ಹಿಡಿದವರು, ಅವರಿಗೂ ನೀವೇ ಹೇಳ್ತೀರಾ?”

“ಯಾರಿಗೆ? ತಕ್ಕಡಿಗಾ? ಅವನಿಗೆಲ್ಲಿ ಗೊತ್ತು? ಅವನ ಕಡೆ ಬರೀ ಸಂಖ್ಯೆ ಕಾಣತ್ತೆ. ಯಾವ ಸಂಖ್ಯೆ ಯಾರು ಅಂತ ತೆರೆಯೋಕೆ ನನಗೊಬ್ಬಳಿಗೇ ಆಗೋದು. ಇಂಥ ಒಂದು ಮನೆ ಸಿಕ್ಕಿದೆ ಅಂದಾಗ ಅವನು ಹೇಳಿದ್ದು ಒಂದೇ. ಮೊದಲು ಕೇಳಿ ಮೇಡಂ, ಮೋಸ ಅಂತ ಬರೀಬೇಡಿ, ಮನೇಲಿ ಪ್ರೀತಿ ಮಾಡೋರು ಇರಬಹುದು ಅಂತ.”

ನಿಧಾನಿಯ ಕೈ ಕುರ್ಚಿಯ ಬೆನ್ನನ್ನು ಹಿಡಿಯಿತು.

“ನನಗೆ ಅರ್ಥವಾಗದೇ ಇರೋದು ಬೇರೆ,” ಎಂದರು ಮುಖ್ಯಸ್ಥೆ, ಕನ್ನಡಕ ಮತ್ತೆ ಏರಿಸುತ್ತಾ. “ಅಂಕ ಹಾಕೋಕೆ ಕೊಟ್ಟಾಗ ಹೆಸರು ಮುಚ್ಚಿದ್ದು ನಾನು. ಕಲೆಸಿಟ್ಟ ಮೇಲೆ ಯಾವುದು ಯಾರದ್ದು ಅಂತ ನನಗೇ ಗೊತ್ತಾಗ್ತಿರ್ಲಿಲ್ಲ. ಅವನು ಒಂದೂ ತಪ್ಪದ ಹಾಗೆ ನಿನ್ನವನ್ನಷ್ಟೇ ಬಿಟ್ಟಿದ್ದಾನೆ. ಹೇಗೆ?”

ಅವಳು ಹೊರಗೆ ಬಂದು ಬಾಗಿಲ ಬಳಿಯೇ ನಿಂತಳು.

ಹೌದಲ್ಲ... ಹೇಗೆ?

ಊಟದ ಹೊತ್ತಿನಲ್ಲಿ ಅವನು ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ. ಮಧ್ಯಾಹ್ನದ ಸಭೆಯಲ್ಲಿ ಹೊಸ ಪದ್ಧತಿ ಬೇಕೇ ಬೇಡವೇ ಎಂದು ಕೈಯೆತ್ತಿ ನಿರ್ಧರಿಸುವುದಿತ್ತು. ಡಬ್ಬಿ ತೆರೆದಿದ್ದರೂ ಅವನು ತಿನ್ನುತ್ತಿರಲಿಲ್ಲ.

“ನನ್ನ ಉತ್ತರಗಳಿಗೆ ಯಾಕೆ ಅಂಕ ಹಾಕಲಿಲ್ಲ?”

ಕೇಳಿದ್ದು ತಾನೇನಾ ಎಂದು ಅವಳಿಗೇ ಆಶ್ಚರ್ಯವಾಯಿತು.

ಅವನು ಡಬ್ಬಿ ಮುಚ್ಚಿದ. ತಪ್ಪಿಸಿಕೊಳ್ಳಲು ದಾರಿ ಹುಡುಕಿದಂತೆ ಮೆಟ್ಟಿಲ ಕೆಳಗೆ ನೋಡಿದ. ಆಮೇಲೆ ಅವಳನ್ನೇ ನೋಡಿದ.

“ಬರೆದವರ ಜೊತೆ ಸಂಬಂಧ ಇರೋರು ತೂಗಬಾರದು. ನಾನೇ ಮಾಡಿದ ನಿಯಮ.”

“ನನಗೂ ನಿಮಗೂ ಏನು ಸಂಬಂಧ?”

“ಏನೂ ಇಲ್ಲ. ನಿಮ್ಮ ಕಡೆಯಿಂದ ಏನೂ ಇಲ್ಲ,” ಎಂದ. “ನನ್ನ ಕಡೆಯಿಂದ ಇದೆ.”

ಕೆಳಗಿನ ಅಂಗಡಿಯವನು ಯಾವುದೋ ಪೆಟ್ಟಿಗೆ ಎಳೆಯುತ್ತಿದ್ದ. ಆ ಸದ್ದು ನಿಂತ ಮೇಲೆ ಅವಳು ಕೇಳಿದಳು.

“ಹೆಸರು ಮುಚ್ಚಿತ್ತಲ್ಲ. ನನ್ನದು ಅಂತ ಹೇಗೆ ಗೊತ್ತಾಯ್ತು?”

“ಎಲ್ಲರೂ ರೋಗಿಗೆ ಏನು ಮಾಡಬೇಕು ಅಂತ ಹೇಳಿ ಮುಗಿಸ್ತಾರೆ. ನೀವು ಮಾತ್ರ ಕೊನೇಲಿ, ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು, ನಿಮ್ಮ ಬೆನ್ನು ಹೇಗಿದೆ ಅಂತ ಕೇಳ್ತೀರಿ. ನೋಡಿಕೊಳ್ಳೋರನ್ನ ಕೇಳ್ತೀರಿ. ಬೇರೆ ಯಾರೂ ಕೇಳಲ್ಲ.”

ಅದು ಅವಳಿಗೇ ಗೊತ್ತಿರಲಿಲ್ಲ. ಹಾಗೆ ಕೇಳುತ್ತೇನೆಂದು ಅವಳು ಎಂದೂ ಗಮನಿಸಿರಲಿಲ್ಲ. ಅಮ್ಮನನ್ನು ಆಗ ಯಾರಾದರೂ ಹಾಗೆ ಕೇಳಬೇಕಿತ್ತು ಎಂಬುದು ಮಾತ್ರ ಮನಸ್ಸಿನಲ್ಲಿ ಎಲ್ಲೋ ಇತ್ತು...

“ಸೇರೋಕೆ ಮುಂಚೆ ಒಬ್ಬ ಓದುಗನಾಗಿ ಬಂದೆ,” ಎಂದ ಅವನು. “ಅವತ್ತಿಂದ ಇವತ್ತಿನವರೆಗೆ ನಿಮ್ಮದೆಲ್ಲ ಓದಿದ್ದೀನಿ. ಒಂದಕ್ಕೂ ಮತ ಹಾಕಿಲ್ಲ. ಮೊದಮೊದಲು ಹಾಕಬಹುದಿತ್ತು. ಆಮೇಲೆ, ಚೆನ್ನಾಗಿದೆ ಅಂತ ಹಾಕ್ತೀನಾ, ನಿಮ್ಮದು ಅಂತ ಹಾಕ್ತೀನಾ... ನನಗೇ ತಿಳೀತಾ ಇರಲಿಲ್ಲ.”

“ಹಾಗಾದ್ರೆ ನನ್ನ ಬರಹ ಚೆನ್ನಾಗಿದೆಯಾ ಅಂತ ನಿಮ್ಮನ್ನ ಕೇಳೋ ಹಾಗೇ ಇಲ್ಲ.”

“ಇಲ್ಲ. ಅದಕ್ಕೆ ನಾನು ಉಪಯೋಗಕ್ಕೆ ಬರಲ್ಲ. ಸಿಸ್ಟರನ್ನ ಕೇಳಿ. ಅವರು ಮುಖಸ್ತುತಿ ಮಾಡೋರಲ್ಲ. ನಿಮ್ಮ ಒಂದು ಉತ್ತರಕ್ಕೆ ತುಂಬ ಉದ್ದ ಅಂತ ಅಂಕ ಕಡಿಮೆ ಮಾಡಿದ್ದಾರೆ. ಉಳಿದದ್ದಕ್ಕೆ ಕೈತುಂಬ ಕೊಟ್ಟಿದ್ದಾರೆ.”

ಅವಳಿಗೆ ಒಳಗೆಲ್ಲೋ ಒಂದು ಗಂಟು ಸಡಿಲವಾಯಿತು. ಅಮ್ಮ ಅಲ್ಲದವರು, ಇವನಲ್ಲದವರು, ಓದಿ, ತೂಗಿ, ಒಳ್ಳೆಯದು ಎಂದಿದ್ದಾರೆ.

“ನಾನು ಉತ್ತರ ಕೊಡೋದು ನಿಧಾನ,” ಎಂದಳು ಎದ್ದು ನಿಂತು.

“ಗೊತ್ತು. ತಡವಾಗಿ ಬರೋ ಉತ್ತರಕ್ಕೆ ಜಾಗ ಇಡೋದೇ ನನ್ನ ಕೆಲಸ.”

ಸಭೆ ಶುರುವಾಯಿತು. ಕೈಯೆತ್ತುವವರು ನಾಲ್ವರು: ಸಿಸ್ಟರ್, ಲೆಕ್ಕಿಗ, ನಿಧಾನಿ, ಕೊನೆಯಲ್ಲಿ ಮುಖ್ಯಸ್ಥೆ. ತಕ್ಕಡಿ ಹಲಗೆಯ ಪಕ್ಕ ನಿಂತು ಎಲ್ಲವನ್ನೂ ವಿವರಿಸಿದ. ಎರಡು ಗುಂಡಿಗಳ ವಿಚಾರ ಬಂದಾಗ, ಇದು ನಿಧಾನಿಯವರದು ಎಂದ.

“ನನಗೆ ಒಪ್ಪಿಗೆ ಇಲ್ಲಪ್ಪ,” ಎಂದ ಲೆಕ್ಕಿಗ. “ಹೆಸರು ಮುಚ್ಚಿದ್ರೆ ಹಳಬರು ಮುನಿಸ್ಕೊಂಡು ಹೋಗ್ತಾರೆ. ಹೆಸರಿಗೇ ಅಲ್ವೇ ಅರ್ಧ ಜನ ಬರೆಯೋದು?”

“ಹೋಗೋರು ಹೋಗಲಿ,” ಎಂದು ಸಿಸ್ಟರ್ ಕೈಯೆತ್ತಿದರು. “ಎಣ್ಣೆ ತಿಕ್ಕು ಅಂತ ಮೇಲೆ ಕೂತಿರೋದು ಮೊದಲು ಇಳೀಲಿ. ನಂದು ಬೇಕು.”

ಒಂದು ಬೇಕು, ಒಂದು ಬೇಡ. ಎಲ್ಲರೂ ನಿಧಾನಿಯತ್ತ ನೋಡಿದರು. ಅವನೂ ನೋಡಿದ.

ಅವಳ ಕೈ ಮೇಜಿನ ಮೇಲೆಯೇ ಇತ್ತು.

“ಏನಮ್ಮಾ, ನಿದ್ದೆನಾ?” ಎಂದರು ಮುಖ್ಯಸ್ಥೆ. “ಹಗಲೂ ರಾತ್ರಿ ಇದಕ್ಕೇ ಕೂತಿದ್ದೆಯಲ್ಲ. ನಿಂದು ಬೇಕೋ ಬೇಡವೋ?”

“ನಾನು ಕೈಯೆತ್ತೋ ಹಾಗಿಲ್ಲ ಮೇಡಂ.”

“ಯಾಕೆ?”

ಬರೆಯುವುದಾಗಿದ್ದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಇಲ್ಲಿ ಅಳಿಸಲು ಬರುವುದಿಲ್ಲ. ಆದರೂ ಹೇಳಿದಳು.

“ಮಾಡಿದವರ ಜೊತೆ ಸಂಬಂಧ ಇರೋರು ತೂಗಬಾರದಲ್ಲ. ನನಗೆ ಇದೆ.”

ಲೆಕ್ಕಿಗ ಅವಳನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿ, “ಓಹೋ, ಜಗಳ ಅಲ್ಲ ಹಾಗಾದ್ರೆ,” ಎಂದ. ಸಿಸ್ಟರ್ ಕೆಮ್ಮಿದಂತೆ ಮಾಡಿ ಬಾಯಿಗೆ ಸೆರಗು ಹಿಡಿದರು. ತಕ್ಕಡಿಯ ಕೈಯಿಂದ ಜಾರಿದ ಮಾರ್ಕರ್ ಪೆನ್ನು ಮೇಜಿನ ಕೆಳಗೆ ಉರುಳಿತು. ಅದನ್ನು ಎತ್ತಿಕೊಳ್ಳಬೇಕೆಂದು ಅವನಿಗೆ ತೋಚಲೇ ಇಲ್ಲ.

“ಒಳ್ಳೇ ಪಜೀತಿ,” ಎಂದರು ಮುಖ್ಯಸ್ಥೆ. ಸ್ವಲ್ಪ ಯೋಚಿಸಿ, ನಿಧಾನವಾಗಿ ಕೈಯೆತ್ತಿದರು. “ನಾನು ಕಟ್ಟಿದ ಪುಟವನ್ನ ನಾನೇ ಕೆಡವಬೇಕಾಯ್ತು. ಬೇಕು. ಸಭೆ ಮುಗೀತು. ಸಂಬಂಧ ಇರೋರು ಹೊರಗೆ ಹೋಗಿ ಮಾತಾಡಿಕೊಳ್ಳಿ.”

ಹೊರಗೆ, ಕಚೇರಿಯ ಓಣಿಯಲ್ಲಿ, ಇಬ್ಬರೂ ಗೋಡೆಗೊರಗಿ ಅಕ್ಕಪಕ್ಕ ನಿಂತರು.

“ನೀವು ಕೈಯೆತ್ತದೇ ಇದ್ದಾಗ ನನ್ನ ಜೀವ ಹೋಗಿ ಬಂತು,” ಎಂದ ಅವನು.

“ನನ್ನ ಜೀವ ಎಷ್ಟು ದಿನದಿಂದ ಹೋಗಿ ಬರ್ತಿದೆ ಗೊತ್ತಾ? ಖಾಲಿ ಬಿಟ್ಟಾಗ ಒಂದು ಮಾತು ಹೇಳಬಾರದಿತ್ತಾ?”

“ಹೇಳಬೇಕಿತ್ತು. ಅಂಕ ಹಾಕದೆ ಇರೋಕೆ ಮಾತ್ರ ಧೈರ್ಯ ಇತ್ತು.”

ಅವಳು ನಕ್ಕಳು. ಅವನ ಕೈ ಅವಳ ಬೆರಳನ್ನು ಮುಟ್ಟಿತು; ಅವಳು ಹಿಂತೆಗೆದುಕೊಳ್ಳಲಿಲ್ಲ.

“ನಿಮ್ಮಮ್ಮ ಏನಂತಾರೋ,” ಎಂದ ಅವನು.

“ನಮ್ಮಮ್ಮನ ಮತ ಲೆಕ್ಕಕ್ಕಿಲ್ಲ ಅಂತ ಮಾಡಿದ್ದು ನಿಮ್ಮ ಪದ್ಧತಿ.”

“ಅಯ್ಯೋ... ಆ ಮನೆ ನಿಮ್ಮದಾ?”

“ನಮ್ಮದೇ. ಯಾವನವನು ಅಂತ ನಿನ್ನೆಯಿಂದ ಕೇಳ್ತಿದ್ದಾರೆ. ಬಂದು ನೀವೇ ಹೇಳಿ.”

“ಬೇಡ ಅಂದುಬಿಟ್ರೆ?”

ನಿಧಾನಿ ಈ ಸಲ ಉತ್ತರಕ್ಕೆ ತಡ ಮಾಡಲಿಲ್ಲ.

“ನನ್ನದು ಅಂದ್ರೆ ಸಾಕು, ಅಮ್ಮ ಓದದೆಯೇ ಮತ ಒತ್ತಿಬಿಡ್ತಾರೆ. ಬನ್ನಿ.”